ಹಂಗಾಮಿ ಕೂಲಿ, ಹಂಗಿನ ಓಟು



ಮತ್ತೆ ಓಟಿನ ಕಾಲ ಬರುತ್ತಿದೆ. ಪಂಚಾಯ್ತಿಯೋ ಪಾಲಿಕೆಯೋ ಅಸೆಂಬ್ಲಿಯೋ, ಯಾವುದಾದರೂ ಸರಿ, ಅದು ಹತ್ತಿರ ಬಂತೆಂದರೆ ನಮ್ಮ ಕೇರಿಯ ದಾರಿ ಎಲ್ಲ ಪಕ್ಷದವರಿಗೂ ನೆನಪಾಗುತ್ತದೆ. ಬಾಬಾಸಾಹೇಬರ ಫೋಟೋಕ್ಕೆ ಹಾರ ಬೀಳುತ್ತದೆ. 'ನಿಮ್ಮನೆ ಮಗ ಅಂದ್ಕಳಿ, ನಿಮ್ಮನೆ ಆಳು ಅಂದ್ಕಳಿ, ಒಂದು ಓಟು ಕೊಡಿ' ಎಂದು ಕೈ ಮುಗಿಯುತ್ತಾರೆ. ಐದು ವರ್ಷ ನಮ್ಮನ್ನು ಆಳಾಗಿ ದುಡಿಸಿಕೊಂಡವರು ಐದು ದಿನ ನಮಗೆ ಆಳಾಗುತ್ತಾರೆ.

ಅವರನ್ನು ನಾವು ಕೇಳಬೇಕಾದ ಮಾತು ಒಂದೇ. ನಮ್ಮ ಕೆಲಸ ಎಷ್ಟು ದಿನದ್ದು?

ಬೀದಿ ಗುಡಿಸುವವರು ಯಾರು? ಒಳಚರಂಡಿಯ ಕೆಲಸ ಮಾಡುವವರು ಯಾರು? ಆಸ್ಪತ್ರೆಯ ವಾರ್ಡು ತೊಳೆಯುವವರು, ಹಾಸ್ಟೆಲಿನಲ್ಲಿ ಅಡುಗೆ ಮಾಡುವವರು, ಸರ್ಕಾರಿ ಕಚೇರಿಯ ಬಾಗಿಲು ಕಾಯುವವರು ಯಾರು? ಬಹುಪಾಲು ನಮ್ಮವರು, ಬಹುಪಾಲು ಗುತ್ತಿಗೆಯವರು. ಕೆಲಸ ಸರ್ಕಾರದ್ದು, ಆಳು ಕಂಟ್ರಾಕ್ಟರನದು. ಕೈಯಲ್ಲಿ ಆದೇಶ ಪತ್ರ ಇಲ್ಲ. 'ನಾಳೆಯಿಂದ ಬರಬೇಡ' ಅಂದರೆ ಮುಗಿಯಿತು. ಖಾಯಂ ಹುದ್ದೆಗೆ ಮೀಸಲಾತಿ ಇತ್ತು, ರೋಸ್ಟರ್ ಇತ್ತು. ಕಂಟ್ರಾಕ್ಟರನ ಪಟ್ಟಿಗೆ ದಶಕಗಳ ಕಾಲ ಯಾವ ರೋಸ್ಟರೂ ಇರಲಿಲ್ಲ. ಹುದ್ದೆಯನ್ನು ಗುತ್ತಿಗೆಗೆ ಕೊಟ್ಟಾಗಲೆಲ್ಲ ಮೀಸಲಾತಿಯನ್ನೂ ಸದ್ದಿಲ್ಲದೆ ಮಣ್ಣು ಮಾಡಿದರು. ಸಂವಿಧಾನದ ಒಂದಕ್ಷರವನ್ನೂ ಅವರು ಅಳಿಸಬೇಕಾಗಲಿಲ್ಲ.

ಕಾನೂನು ಇರಲಿಲ್ಲವೇ? ಇತ್ತು. 2025ರವರೆಗೆ ಜಾರಿಯಲ್ಲಿದ್ದ 1970ರ ಕಾಯ್ದೆಯ ಹೆಸರೇ ಗುತ್ತಿಗೆ ಕಾರ್ಮಿಕರ ನಿಯಂತ್ರಣ ಮತ್ತು ರದ್ದತಿ ಕಾಯ್ದೆ. ರದ್ದತಿ ಹೆಸರಿನಲ್ಲೇ ಉಳಿಯಿತು. 2006ರಲ್ಲಿ ನಮ್ಮ ಕರ್ನಾಟಕದಿಂದಲೇ ಹೋದ ಉಮಾದೇವಿ ಮೊಕದ್ದಮೆಯಲ್ಲಿ, ಬಹಳ ಕಾಲ ದುಡಿದ ಮಾತ್ರಕ್ಕೆ ಹಂಗಾಮಿ ನೌಕರರಿಗೆ ಖಾಯಮಾತಿಯ ಹಕ್ಕು ಬರುವುದಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿತು. ಅದೇ ತೀರ್ಪಿನಲ್ಲಿ, ಮಂಜೂರಾದ ಹುದ್ದೆಯಲ್ಲಿ ಹತ್ತು ವರ್ಷ ದುಡಿದವರನ್ನು ಒಂದು ಬಾರಿಗೆ ಪರಿಗಣಿಸಿ ಎಂದೂ ಹೇಳಿತ್ತು. ಸರ್ಕಾರಗಳಿಗೆ ಮೊದಲರ್ಧ ಬಾಯಿಪಾಠವಾಯಿತು, ಎರಡನೆಯದು ಮರೆತುಹೋಯಿತು. ಆ ತೀರ್ಪನ್ನು ಹೀಗೆ ಗುರಾಣಿ ಮಾಡಿಕೊಳ್ಳಬೇಡಿ ಎಂದು ಅದೇ ಕೋರ್ಟು 2024ರ ಡಿಸೆಂಬರಿನಲ್ಲಿ ಹೇಳಬೇಕಾಯಿತು.

ಕೂಲಿಯ ಮಾತಿಗೂ ಓಟಿಗೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಸಂಬಂಧ ಇಲ್ಲಿದೆ. 1947ರಲ್ಲಿ ಬಾಬಾಸಾಹೇಬರು 'ರಾಜ್ಯಗಳು ಮತ್ತು ಅಲ್ಪಸಂಖ್ಯಾತರು' ಎಂಬ ಮನವಿ ಬರೆದರು. ಹಸಿವಿನ ಭಯದಲ್ಲಿರುವ ಮನುಷ್ಯ ಒಂದು ಕೆಲಸಕ್ಕಾಗಿ ತನ್ನ ಮೂಲಭೂತ ಹಕ್ಕುಗಳನ್ನೇ ಬಿಟ್ಟುಕೊಡಬೇಕಾಗುತ್ತದೆ, ಅಂಥವನಿಗೆ ಕಾಗದದ ಹಕ್ಕಿನಿಂದ ಏನು ಪ್ರಯೋಜನ ಎಂಬುದು ಅವರ ವಾದ. ಇವತ್ತಿಗೂ ಆ ವಾದ ನಮ್ಮ ಕೇರಿಯಲ್ಲಿ ನಿಂತಿದೆ. ಕಂಟ್ರಾಕ್ಟರ್ ಒಂದು ಪಕ್ಷದವನಾದರೆ ಅವನ ಕೈಕೆಳಗಿನವರೂ ಆ ಪಕ್ಷದವರೇ ಆಗಬೇಕು. ಓಟು ಗುಟ್ಟಲ್ಲವೇ ಎನ್ನಬಹುದು. ಒಬ್ಬನ ಓಟು ಗುಟ್ಟು, ಕೇರಿಯ ಓಟು ಗುಟ್ಟಲ್ಲ. ಎಣಿಕೆ ಮತಗಟ್ಟೆವಾರು ನಡೆಯುತ್ತದೆ. ಯಾವ ಬೂತಿನಲ್ಲಿ ಯಾರಿಗೆ ಎಷ್ಟು ಬಿತ್ತು ಎಂಬ ಲೆಕ್ಕ ಎಲ್ಲರ ಕೈಗೂ ಸಿಗುತ್ತದೆ. ಆಮೇಲೆ ಯಾವ ಕೇರಿಗೆ ನಲ್ಲಿ ಬರಬೇಕು, ಯಾರ ಹೆಸರು ಹಾಜರಿ ಪುಸ್ತಕದಿಂದ ಹೋಗಬೇಕು ಎಂದು ತೀರ್ಮಾನಿಸುವುದು ಕಷ್ಟವೇ?

ಹಾಗಾದರೆ ನಮ್ಮವನೇ ನಿಲ್ಲಲಿ ಅನ್ನುತ್ತೀರಿ. ನಿಲ್ಲಲಿ. ಅಸೆಂಬ್ಲಿಗೆ ನಿಲ್ಲುವ ಪರಿಶಿಷ್ಟರಿಗೆ ಠೇವಣಿ 5 ಸಾವಿರ, ಅದನ್ನು ಹೇಗೋ ಕೂಡಿಸಬಹುದು. ಆದರೆ ಒಬ್ಬ ಅಭ್ಯರ್ಥಿ ಖರ್ಚು ಮಾಡಬಹುದಾದ ಮಿತಿಯನ್ನು 2022ರಲ್ಲಿ 40 ಲಕ್ಷಕ್ಕೆ ಏರಿಸಿದರು. ತಿಂಗಳಿಗೆ 15 ಸಾವಿರ ಸಿಗುವ ಕೂಲಿಯವನು ಒಂದು ಪೈಸೆ ತಿನ್ನದೆ ಕೂಡಿಟ್ಟರೂ ಅಷ್ಟಾಗುವುದಕ್ಕೆ 22 ವರ್ಷ ಬೇಕು. ಇದು ಕಾನೂನು ಒಪ್ಪಿದ ಖರ್ಚು, ಕಾನೂನು ಒಪ್ಪದ ಖರ್ಚು ನಿಮಗೇ ಗೊತ್ತು. ವಿಧಾನಸಭೆಯ 224 ಸ್ಥಾನಗಳಲ್ಲಿ ಪರಿಶಿಷ್ಟ ಜಾತಿಗೆ 36 ಮೀಸಲು. ಅಲ್ಲಿ ನಿಲ್ಲುವವರು ನಮ್ಮವರೇ. ಟಿಕೆಟ್ಟು ಕೊಡುವವರು ನಮ್ಮವರಲ್ಲ. 1932ರ ಪೂನಾ ಒಪ್ಪಂದ ಕಟ್ಟಿದ ಗಂಟು ಇದು. ಇವರು ಯಾರೂ ಬೇಡ ಅಂದರೆ 2013ರಿಂದ ನೋಟಾ ಗುಂಡಿ ಇದೆ. ಅಸೆಂಬ್ಲಿಗೋ ಪಾರ್ಲಿಮೆಂಟಿಗೋ ನಡೆಯುವ ಓಟಿನಲ್ಲಿ ಅದಕ್ಕೇ ಹೆಚ್ಚು ಓಟು ಬಿದ್ದರೂ ಗೆಲ್ಲುವುದು ಅದರ ಕೆಳಗಿನ ಅಭ್ಯರ್ಥಿಯೇ.

ಹಾಗೆಂದು ಓಟು ಬಿಸಾಕಿ ಎಂದು ನಾವು ಹೇಳುತ್ತಿಲ್ಲ. ಓಟೊಂದನ್ನೇ ನಂಬಿ ಕೂರಬೇಡಿ ಎನ್ನುತ್ತಿದ್ದೇವೆ. 2022ರ ಜುಲೈನಲ್ಲಿ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂತರು. ಅವರಲ್ಲಿ ಹೆಂಗಸರೇ ಹೆಚ್ಚು. ಕಸ ಬೀದಿಯಲ್ಲಿ ಕೊಳೆಯತೊಡಗಿದ ಮೇಲೆ ಸರ್ಕಾರಕ್ಕೆ ಮೂಗು ಇರುವುದು ನೆನಪಾಯಿತು. ಮಾತು ಕೊಟ್ಟದ್ದು ಒಂದು ಪಕ್ಷದ ಸರ್ಕಾರ. 2025ರ ಮೇ 1ರಂದು 12,692 ಜನರಿಗೆ ಖಾಯಮಾತಿಯ ಪತ್ರ ಕೊಟ್ಟದ್ದು ಇನ್ನೊಂದು ಪಕ್ಷದ ಸರ್ಕಾರ. ಆ ಹೊತ್ತಿಗೆ ಬೆಂಗಳೂರು ಪಾಲಿಕೆಗೆ ಚುನಾವಣೆ ನಡೆದು ಹತ್ತಿರ ಹತ್ತಿರ ಹತ್ತು ವರ್ಷವಾಗಿತ್ತು, ಒಬ್ಬ ಕಾರ್ಪೊರೇಟರೂ ಇರಲಿಲ್ಲ. ಹಾಗಾದರೆ ಆ ಪತ್ರ ತಂದವರು ಯಾರು? ಪೊರಕೆ ಕೆಳಗಿಟ್ಟ ತಾಯಂದಿರು. ಕಸದ ಆಟೋ ಓಡಿಸುವವರು, ಕಸ ತುಂಬುವವರು ಆ ಪಟ್ಟಿಯಲ್ಲಿರಲಿಲ್ಲ. ಅವರ ಜಗಳ ಬೇರೆಯಲ್ಲ, ನಮ್ಮದೇ.

ಆದ್ದರಿಂದ ಈ ಸಲ ಕೇರಿಗೆ ಯಾರೇ ಬರಲಿ, ಹಾರ ಹಾಕುವ ಮೊದಲು ಅವರನ್ನು ನಿಲ್ಲಿಸಿ ಕೇಳಿ. ಈ ಊರಿನಲ್ಲಿ ಗುತ್ತಿಗೆಯ ಮೇಲೆ ದುಡಿಯುತ್ತಿರುವವರು ಎಷ್ಟು ಜನ? ಅವರ ಕಂಟ್ರಾಕ್ಟರ್ ನಿನಗೆ ಏನಾಗಬೇಕು? ನೀನು ಗೆದ್ದರೆ ಎಷ್ಟು ಜನರನ್ನು ಯಾವ ತಾರೀಖಿನೊಳಗೆ ಖಾಯಂ ಮಾಡಿಸುತ್ತೀ? ಉತ್ತರವನ್ನು ಬಾಯಲ್ಲಿ ಹೇಳಿದರೆ ಸಾಲದು, ಬರೆದು ರುಜು ಹಾಕಲಿ. ಒಬ್ಬೊಬ್ಬರೇ ಕೇಳಬೇಡಿ, ಒಬ್ಬನ ಹೆಸರು ಹೊಡೆಯುವುದು ಸುಲಭ. ಇಡೀ ಕೇರಿ ನಿಂತು ಕೇಳಿ. ಇಡೀ ಕೇರಿಯನ್ನು ಕೆಲಸದಿಂದ ತೆಗೆದರೆ ಊರು ಗುಡಿಸುವವರು ಯಾರು?

ಅನ್ನ ಇನ್ನೊಬ್ಬನ ಹಂಗಿನಲ್ಲಿರುವ ತನಕ ಓಟೂ ಅವನ ಹಂಗಿನಲ್ಲೇ ಇರುತ್ತದೆ. ಮೊದಲು ಆ ಹಂಗು ಹರಿಯೋಣ.

ಜೈಭೀಮ್.