ಕ್ಲಿಕ್ಕುಗಳನ್ನು ಎಣಿಸುವವರಿಗೆ ಒಂದು ಮಾತು

ಕಳೆದ ಆರು ತಿಂಗಳಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಮೂವರು, ಬಂಧುಗಳ ಮಕ್ಕಳಲ್ಲಿ ಇಬ್ಬರು ನನ್ನನ್ನು ಒಂದೇ ಪ್ರಶ್ನೆ ಕೇಳಿದ್ದಾರೆ: "ಕಾರಿಗೆ ಕಾಯ್ಲೋವರ್ ಹಾಕಿಸಬೇಕೆಂದಿದ್ದೇನೆ, ಯಾವುದು ಒಳ್ಳೆಯದು?" ಐವರೂ ಬೆಂಗಳೂರಿನಲ್ಲಿರುವವರು. ಅವರಲ್ಲಿ ನಾಲ್ವರ ಬಳಿ ಇರುವುದು ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್ಐ. 2022ರಲ್ಲಿ ನಮ್ಮ ದೇಶದಲ್ಲಿ ಪೋಲೋ ತಯಾರಿಕೆಯೇ ನಿಂತುಹೋದ ಮೇಲೆ ಅದರ ಮಾಲೀಕರಿಗೆ ಅದರ ಮೇಲಿನ ಮೋಹ ಇನ್ನಷ್ಟು ಹೆಚ್ಚಿದಂತಿದೆ. ಭೌತಶಾಸ್ತ್ರ ಕಲಿಸಿದ ಮೇಷ್ಟ್ರಿಗೆ ನಿವೃತ್ತಿಯ ನಂತರವೂ ಇಂಥ ಪ್ರಶ್ನೆಗಳು ಬಂದರೆ ಸಂತೋಷವೇ. ಬೇಸರ ತಂದದ್ದು ಪ್ರಶ್ನೆಯ ಬೆನ್ನಿಗೇ ಬಂದ ಉತ್ತರಗಳು. ಒಬ್ಬ "ಮೂವತ್ತೆರಡು ಕ್ಲಿಕ್ ಇದೆ ಸರ್" ಎಂದ. ಇನ್ನೊಬ್ಬ "ಎರಡೂವರೆ ಇಂಚು ಇಳಿಯುತ್ತದಂತೆ" ಎಂದು ಹಿಗ್ಗಿದ. ಒಬ್ಬಳು ಮಾತ್ರ, "ಎಷ್ಟು ಗಟ್ಟಿಯೋ ಅಷ್ಟು ಹಿಡಿತ ಅಂತ ಅಂಗಡಿಯವರು ಹೇಳುತ್ತಾರೆ, ಅದು ಸರಿಯೇ ಸರ್?" ಎಂದು ಕೇಳಿದಳು. ಒಂಬತ್ತನೆಯ ತರಗತಿಯಲ್ಲಿಯೂ ಆಕೆ ಹೀಗೆಯೇ, ಹೇಳಿದ್ದನ್ನು ತಕ್ಷಣ ಒಪ್ಪುತ್ತಿರಲಿಲ್ಲ.

ಸರಿಯಲ್ಲ ತಾಯೀ. ಸರಿಯಲ್ಲ ಎಂಬುದಷ್ಟೇ ಅಲ್ಲ, ನಮ್ಮ ರಸ್ತೆಗಳ ಮಟ್ಟಿಗೆ ಅದು ಅಪಾಯಕಾರಿಯಾದ ಮಾತು. ಅದನ್ನು ಹೇಳಿ ಸರಕು ಮಾರುವವರ ಮೇಲೆ ನನಗಿರುವ ಸಿಟ್ಟನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಕಾಯ್ಲೋವರ್ ಎಂದರೇನೆಂದು ತಿಳಿಯದ ನಮ್ಮ ಬಂಧುಗಳಿಗಾಗಿ ಎರಡು ಮಾತು. ಕಾರಿನ ಭಾರವನ್ನು ಹೊರುವುದು ಸುರುಳಿ ಸ್ಪ್ರಿಂಗು. ಅದರ ಕುಣಿತವನ್ನು ಅಡಗಿಸುವುದು ನಾವು ಶಾಕಪ್ಸರ್ ಎಂದು ಕರೆಯುವ ಎಣ್ಣೆ ತುಂಬಿದ ಕೊಳವೆ. ಕೊಳವೆಯ ಹೊರಮೈಗೆ ಮರೆ ಕೊರೆದು, ಆ ಮರೆಯ ಮೇಲೆ ತಿರುಗುವ ಉಂಗುರದ ಮೇಲೆ ಸ್ಪ್ರಿಂಗನ್ನು ಕೂರಿಸಿದರೆ, ಉಂಗುರ ತಿರುಗಿಸಿ ಕಾರಿನ ಎತ್ತರವನ್ನು ಏರಿಸಬಹುದು, ಇಳಿಸಬಹುದು. ಕೆಲವದರಲ್ಲಿ ತುದಿಗೊಂದು ಗುಬುಟು ಇದ್ದು, ಅದನ್ನು ತಿರುವಿದರೆ ಒಳಗಿನ ಎಣ್ಣೆಯ ದಾರಿ ಹಿಗ್ಗಿ ಕುಗ್ಗಿ ಶಾಕಪ್ಸರು ಮೆದುವೋ ಬಿರುಸೋ ಆಗುತ್ತದೆ. ಅದು ತಿರುಗುವಾಗ ಬರುವ ಟಿಕ್ ಟಿಕ್ ಸದ್ದೇ ಮೇಲೆ ಹೇಳಿದ ಕ್ಲಿಕ್ಕು.

ಇಷ್ಟೆಲ್ಲ ಏಕೆ ಬೇಕು? ಕಾರು ಓಡುವುದು, ತಿರುಗುವುದು, ನಿಲ್ಲುವುದು ಎಲ್ಲವೂ ಸರಿಸುಮಾರು ಅಂಗೈಯಗಲದ ನಾಲ್ಕು ರಬ್ಬರ್ ತುಂಡುಗಳು ನೆಲವನ್ನು ಒತ್ತಿ ಹಿಡಿದಿರುವುದರಿಂದ. ನೆಲ ಬಿಟ್ಟ ಚಕ್ರಕ್ಕೆ ಬ್ರೇಕೂ ಇಲ್ಲ, ಸ್ಟೀರಿಂಗೂ ಇಲ್ಲ. ರಸ್ತೆ ಏರಿಳಿದಂತೆ ಚಕ್ರವೂ ಏರಿಳಿದು ನೆಲವನ್ನು ಬಿಡದೆ ಒತ್ತಿಕೊಂಡಿರುವಂತೆ ಮಾಡುವುದೇ ಸಸ್ಪೆನ್ಷನ್ನಿನ ಮೊದಲ ಕರ್ತವ್ಯ. ಕೂತವರ ಸೊಂಟದ ಸುಖ ಎರಡನೆಯದು. ನೋಟದ ಚೆಂದ ಅದರ ಕರ್ತವ್ಯಗಳ ಪಟ್ಟಿಯಲ್ಲೇ ಇಲ್ಲ.

ಈಗ ಒಂದು ಲೆಕ್ಕ ಮಾಡೋಣ. (ಕಾಗದ, ಪೆನ್ಸಿಲ್ ತೆಗೆದುಕೊಳ್ಳಿ. ಕ್ಯಾಲ್ಕ್ಯುಲೇಟರಿಗೆ ಈಗ ಅನುಮತಿ ಇದೆ!) ಸುಮಾರು 1100 ಕಿಲೋ ತೂಗುವ, ಎಂಜಿನ್ ಮುಂದಿರುವ ಚಿಕ್ಕ ಕಾರಿನ ಮುಂಭಾಗದ ಒಂದು ಸ್ಪ್ರಿಂಗಿನ ಮೇಲೆ, ಚಕ್ರ ಬ್ರೇಕುಗಳ ತೂಕ ಕಳೆದು, ಹೆಚ್ಚುಕಡಿಮೆ 295 ಕಿಲೋ ಕೂತಿರುತ್ತದೆ ಎಂದಿಟ್ಟುಕೊಳ್ಳಿ. ಮನೆಮಂದಿ ಓಡಾಡುವ ಕಾರುಗಳ ಸಹಜ ಆವೃತ್ತಿ 1ರಿಂದ 1.5 ಹರ್ಟ್ಸ್ ನಡುವೆ ಇರುತ್ತದೆ. ಅಂದರೆ ಸೆಕೆಂಡಿಗೆ ಒಂದೋ ಒಂದೂವರೆಯೋ ತೂಗಾಟ, ನಾವು ನಡೆಯುವ ಲಯಕ್ಕೆ ಹತ್ತಿರವಾದದ್ದು. 1.3 ಹರ್ಟ್ಸ್ ಬೇಕೆಂದರೆ ಚಕ್ರದ ಬಳಿ ಸ್ಪ್ರಿಂಗಿನ ಬಿಗಿ ಮಿಲಿಮೀಟರಿಗೆ ಸುಮಾರು 20 ನ್ಯೂಟನ್ ಇರಬೇಕು. ಹಾಗಿದ್ದಾಗ ಕಾರಿನ ಭಾರಕ್ಕೆ ಆ ಸ್ಪ್ರಿಂಗು 14-15 ಸೆಂಟಿಮೀಟರ್ ಕುಗ್ಗಿ ಕೂತಿರುತ್ತದೆ. ಇನ್ನು ಅಂಗಡಿಯ ಪೆಟ್ಟಿಗೆಯ ಮೇಲೆ "6 ಕೆಜಿ" ಎಂದು ಬರೆದಿದೆ ಎನ್ನಿ. ಅದು ತೂಕವಲ್ಲ, ಮಿಲಿಮೀಟರಿಗೆ ಆರು ಕಿಲೋ ಎಂದರ್ಥ, ಸುಮಾರು 59 ನ್ಯೂಟನ್. ಸ್ಪ್ರಿಂಗು ಸ್ವಲ್ಪ ವಾಲಿ ನಿಲ್ಲುವುದರಿಂದ ಚಕ್ರದ ಬಳಿ ಅದು 53ರ ಆಸುಪಾಸು ಎಂದು ಹಿಡಿಯೋಣ. ಆವೃತ್ತಿ 2.1 ಹರ್ಟ್ಸಿಗೆ ಏರಿತು. ಇದು ರೇಸ್ ಟ್ರ್ಯಾಕಿನ ಸಂಖ್ಯೆ. ಸ್ಪ್ರಿಂಗು ಕುಗ್ಗಿ ಕೂತಿರುವುದು ಐದೂವರೆ ಸೆಂಟಿಮೀಟರ್ ಮಾತ್ರ.

ಈ ಐದೂವರೆ ಸೆಂಟಿಮೀಟರನ್ನು ದಯವಿಟ್ಟು ಮರೆಯಬೇಡಿ, ಏಕೆಂದರೆ ಕ್ಲಿಕ್ಕು ಎಣಿಸುವವರು ಇದನ್ನು ಹೇಳುವುದೇ ಇಲ್ಲ. ಚಾರ್ಮಾಡಿಯ ತಿರುವಿನಲ್ಲಿ ಮಳೆಗಾಲದ ನಂತರ ಒಂದೆರಡು ಮೀಟರ್ ಉದ್ದಕ್ಕೆ ರಸ್ತೆ ಎಂಟು ಸೆಂಟಿಮೀಟರ್ ಕುಸಿದಿದೆ ಎನ್ನಿ. ಮೊದಲನೆಯ ಕಾರಿನ ಚಕ್ರ ಆ ತಗ್ಗಿಗೆ ಇಳಿದಾಗಲೂ ಸ್ಪ್ರಿಂಗಿನಲ್ಲಿ ಇನ್ನೂ ಆರೇಳು ಸೆಂಟಿಮೀಟರಿನ ಒತ್ತಡ ಉಳಿದಿರುತ್ತದೆ. ಚಕ್ರ ನೆಲವನ್ನು ಒತ್ತುತ್ತಲೇ ಇರುತ್ತದೆ. ಎರಡನೆಯದರಲ್ಲಿ ಐದೂವರೆ ಸೆಂಟಿಮೀಟರಿಗೇ ಸ್ಪ್ರಿಂಗಿನ ಬಲ ಮುಗಿಯಿತು. ಕಾರಿನ ಮೈ ಕೆಳಗಿಳಿಯುವಷ್ಟರಲ್ಲಿ ತಿರುವಿನ ಅರ್ಧ ಭಾಗ ಕಳೆದಿರುತ್ತದೆ. ಹಿಡಿತ ಹೆಚ್ಚಲೆಂದು ದುಡ್ಡು ಕೊಟ್ಟು ಹಾಕಿಸಿದ ವಸ್ತು, ಹಿಡಿತ ಬೇಕಾದ ಕ್ಷಣದಲ್ಲೇ ಕೈಕೊಟ್ಟಿತು.

ಹಾಗಾದರೆ ಗಟ್ಟಿ ಸ್ಪ್ರಿಂಗೆಂಬುದು ಸುಳ್ಳೇ? ಅಲ್ಲ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲೋ ಚೆನ್ನೈ ಸಮೀಪದ ಇರುಂಗಾಟ್ಟುಕೋಟೈ ಟ್ರ್ಯಾಕಿನಲ್ಲೋ ಅದು ಸತ್ಯವೇ. ಅಲ್ಲಿ ನೆಲ ಸಮ, ಎದುರಿನಿಂದ ಲಾರಿ ಬರುವುದಿಲ್ಲ, ಕಾರು ಓಲುವುದು ಕಡಿಮೆಯಾದಷ್ಟೂ ಟೈರು ನೆಟ್ಟಗೆ ನಿಲ್ಲುತ್ತದೆ. ಅಲ್ಲಿಗೆ ಹೋಗಿ ಓಡಿಸುವವರ ಬಗ್ಗೆ ನನಗೆ ಗೌರವವಿದೆ. ಆದರೆ ನನ್ನನ್ನು ಕೇಳಿದ ಐವರಲ್ಲಿ ಒಬ್ಬರೂ ಟ್ರ್ಯಾಕಿನ ಮುಖ ನೋಡಿದವರಲ್ಲ. ಅವರ ಕಾರುಗಳು ಓಡುವುದು ಬೆಂಗಳೂರಿನ ಹಂಪುಗಳ ಮೇಲೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸು 1988ರಷ್ಟು ಹಿಂದೆಯೇ ಹಂಪಿನ ಅಳತೆ ನಿಗದಿ ಮಾಡಿದೆ: ಗಂಟೆಗೆ 25 ಕಿಲೋಮೀಟರಿನಲ್ಲಿ ದಾಟುವಂಥದ್ದಕ್ಕೆ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ನಮ್ಮ ಬಡಾವಣೆಗಳಲ್ಲಿ ರಾತ್ರೋರಾತ್ರಿ ಎದ್ದು ನಿಲ್ಲುವ ಉಬ್ಬುಗಳು ಆ ಅಳತೆಯನ್ನು ಪಾಲಿಸಿದ್ದನ್ನು ಕಂಡವರಿದ್ದರೆ ತಿಳಿಸಿ, ನೋಡಿ ಬರುತ್ತೇನೆ.

ಇನ್ನು ಕಾರನ್ನು ಇಳಿಸುವ ಹುಚ್ಚು. ಇಳಿಸಿದರೆ ಗುರುತ್ವಕೇಂದ್ರ ಇಳಿಯುತ್ತದೆ, ಆದ್ದರಿಂದ ತಿರುವಿನಲ್ಲಿ ಓಲಾಟ ಕಡಿಮೆಯಾಗುತ್ತದೆ ಎಂಬುದು ವಾದ. ಅರ್ಧ ನಿಜ, ಮತ್ತು ಅರ್ಧ ನಿಜವೇ ಹೆಚ್ಚು ಕೆಡಿಸುವುದು. ಪೋಲೋದಂತಹ ಕಾರುಗಳ ಮುಂಭಾಗದಲ್ಲಿರುವುದು ಮ್ಯಾಕ್‌ಫರ್ಸನ್ ಸ್ಟ್ರಟ್ ಎಂಬ ಸರಳ ರಚನೆ. ಅದರಲ್ಲಿ ಚಕ್ರವನ್ನು ಕೆಳಗಿನಿಂದ ಹಿಡಿದಿರುವ ತೋಳು ಒಳಗಿನಿಂದ ಹೊರಕ್ಕೆ ಸ್ವಲ್ಪ ಕೆಳಮುಖವಾಗಿ ಇರುವುದು ಒಳ್ಳೆಯದು. ಕಾರನ್ನು ಐದಾರು ಸೆಂಟಿಮೀಟರ್ ಇಳಿಸಿದರೆ ತೋಳು ಮೇಲ್ಮುಖವಾಗುತ್ತದೆ. ಆಗ ಕಾರು ಯಾವ ಬಿಂದುವಿನ ಸುತ್ತ ಓಲುತ್ತದೆಯೋ ಆ ಬಿಂದು ಗುರುತ್ವಕೇಂದ್ರಕ್ಕಿಂತ ಬೇಗ ಕೆಳಗೆ ಜಾರುತ್ತದೆ. ಇವೆರಡರ ನಡುವಣ ಅಂತರವೇ ಕಾರನ್ನು ಓಲಿಸುವ ಸನ್ನೆ. ಸನ್ನೆ ಉದ್ದವಾಯಿತು! ಅಂದರೆ ಓಲಾಟ ತಗ್ಗಿಸಲು ಕಾರನ್ನು ಇಳಿಸಿದವನು, ಹೆಚ್ಚಿದ ಓಲಾಟವನ್ನು ತಡೆಯಲು ಇನ್ನಷ್ಟು ಗಟ್ಟಿ ಸ್ಪ್ರಿಂಗು ಹಾಕಬೇಕು. ಜೊತೆಗೆ, ಇಳಿಸಿದಷ್ಟೂ ಚಕ್ರ ಮೇಲೇರಲು ಇರುವ ಜಾಗ ಕಡಿಮೆ; ಪ್ರತಿ ಹಂಪಿಗೂ ಶಾಕಪ್ಸರಿನ ತುದಿಯ ರಬ್ಬರ್ ತಡೆಗೆ ಗುದ್ದು. ಆ ಗುದ್ದನ್ನೇ "ಸ್ಪೋರ್ಟಿ ಫೀಲ್" ಎಂದು ಕರೆದವನ ಜಾಣತನಕ್ಕೆ ಕೈಮುಗಿಯಬೇಕು.

ಕ್ಲಿಕ್ಕುಗಳ ವಿಚಾರಕ್ಕೆ ಬರುತ್ತೇನೆ. ಶಾಕಪ್ಸರಿಗೆ ಎರಡು ಕೆಲಸ: ಸ್ಪ್ರಿಂಗು ಕುಗ್ಗುವಾಗ ತಡೆಯುವುದು, ಹಿಗ್ಗುವಾಗ ತಡೆಯುವುದು. ಇವೆರಡೂ ಒಂದೇ ಪ್ರಮಾಣದಲ್ಲಿ ಬೇಕಾಗುವುದಿಲ್ಲ. ಅಗ್ಗದ ಸೆಟ್ಟುಗಳಲ್ಲಿರುವ ಒಂದೇ ಗುಬುಟು ಬಹುಪಾಲು ಎರಡನ್ನೂ ಒಟ್ಟಿಗೇ ಬದಲಿಸುತ್ತದೆ, ಒಂದೇ ಸ್ವಿಚ್ಚಿಗೆ ಫ್ಯಾನನ್ನೂ ದೀಪವನ್ನೂ ಜೋಡಿಸಿದಂತೆ. ಜರ್ಮನಿಯ ಕೆಡಬ್ಲ್ಯು ಸಂಸ್ಥೆ ಇದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತದೆ: ಅವರ ವೇರಿಯಂಟ್ 1ರಲ್ಲಿ ಎತ್ತರ ಮಾತ್ರ ಬದಲಿಸಬಹುದು, 2ರಲ್ಲಿ ಹಿಗ್ಗುವ ತಡೆಯನ್ನೂ, 3ರಲ್ಲಿ ಎರಡೂ ತಡೆಗಳನ್ನು ಬೇರೆಬೇರೆಯಾಗಿ. ಬಿಲ್‌ಸ್ಟೈನ್‌ನ ಬಿ14 ಎಂಬ ಹೆಸರಾಂತ ಸೆಟ್ಟಿನಲ್ಲಿ ಒಂದು ಕ್ಲಿಕ್ಕೂ ಇಲ್ಲ! ಸ್ಪ್ರಿಂಗಿಗೆ ತಕ್ಕ ತಡೆಯನ್ನು ಕಾರ್ಖಾನೆಯಲ್ಲೇ ಕೂರಿಸಿ ಕಳಿಸುತ್ತಾರೆ. ಮೂವತ್ತೆರಡು ಕ್ಲಿಕ್ಕಿನ ಅಗ್ಗದ ಸೆಟ್ಟಿಗಿಂತ ಸೊನ್ನೆ ಕ್ಲಿಕ್ಕಿನ ಅದು ನನಗೆ ಮೇಲು.

"ಬೇಡವೆನಿಸಿದರೆ ಆಮೇಲೆ ಮೆದು ಮಾಡಿಕೊಂಡರಾಯಿತಲ್ಲ?" ಎಂಬುದು ಅಕ್ಕನ ಮಗನ ವಾದ. ಮೆದುವಾಗುವುದು ಶಾಕಪ್ಸರು, ಸ್ಪ್ರಿಂಗಲ್ಲವಪ್ಪಾ. ಸ್ಪ್ರಿಂಗು 2.7 ಪಟ್ಟು ಬಿಗಿಯಾದರೆ ಅದನ್ನು ಅಡಗಿಸಲು ಸುಮಾರು 1.6 ಪಟ್ಟು ತಡೆ ಬೇಕು, ವರ್ಗಮೂಲದ ಲೆಕ್ಕ. ಗುಬುಟನ್ನು ಮೆದುವಿಗೆ ತಿರುಗಿಸಿದರೆ ಕಾರು ಹಳೆಯ ಕೆಂಪು ಬಸ್ಸಿನ ಹಿಂದಿನ ಸೀಟಿನಂತೆ ಕುಣಿಯುತ್ತದೆ. ಪೂರ್ತಿ ಬಿರುಸಿಗೆ ತಿರುಗಿಸಿದರೆ ಇನ್ನೊಂದು ಕೇಡು: ಒಂದು ಉಬ್ಬಿಗೆ ಕುಗ್ಗಿದ ಸ್ಪ್ರಿಂಗು ಹಿಗ್ಗುವ ಮೊದಲೇ ಮುಂದಿನ ಉಬ್ಬು ಬರುತ್ತದೆ, ಸಾಲು ಉಬ್ಬುಗಳ ಮೇಲೆ ಕಾರು ಹಂತಹಂತವಾಗಿ ಕೆಳಗೆ ಕುಸಿದು ಕೊನೆಗೆ ರಬ್ಬರ್ ತಡೆಯ ಮೇಲೇ ಕೂರುತ್ತದೆ. ಆ ಹುಡುಗ ಸೆಟ್ಟು ಕೊಂಡಾಗಿದೆ. ಸ್ಪ್ರಿಂಗಿನ ಬಿಗಿ ಎಷ್ಟೆಂದು ಕೇಳಿದ್ದಕ್ಕೆ ಮಾರಿದವರಿಂದ ಇನ್ನೂ ಉತ್ತರ ಬಂದಿಲ್ಲ. ತಾನು ಮಾರುವ ಸ್ಪ್ರಿಂಗಿನ ಸ್ಥಿರಾಂಕ ತಿಳಿಯದವನು ಜನರ ಪ್ರಾಣದ ಮೇಲೆ ವ್ಯಾಪಾರ ಮಾಡುತ್ತಿದ್ದಾನೆ. ಮಾತು ಕಟುವಾಯಿತೆಂದು ಹಿಂತೆಗೆದುಕೊಳ್ಳಲಾರೆ.

ಇಷ್ಟು ಓದಿ ನನ್ನ ವಯಸ್ಸಿನವರು "ಅದಕ್ಕೇ ಹೇಳಿದ್ದು, ಇದೆಲ್ಲ ಶೋಕಿ, ಮೂಗಿಗಿಂತ ಮೂಗುತಿ ಭಾರ" ಎಂದು ತಲೆದೂಗಬೇಡಿ. ನಿಮ್ಮ ಜೊತೆಗೂ ನನಗೆ ಜಗಳವಿದೆ. ಲಕ್ಷ ಕಿಲೋಮೀಟರ್ ಓಡಿದ ಕಾರಿನ ಶಾಕಪ್ಸರುಗಳನ್ನು ಒಮ್ಮೆಯೂ ಬದಲಿಸದೆ, ಎಣ್ಣೆ ಸೋರುತ್ತಿದ್ದರೂ "ಇನ್ನೂ ಓಡುತ್ತದೆ" ಎನ್ನುವ ನಮ್ಮ ಭಾವನವರಂಥವರಿಗಿಂತ, ತನ್ನ ಕಾರಿನ ಸಸ್ಪೆನ್ಷನ್ ಬಗ್ಗೆ ಚಿಂತಿಸುವ ಹುಡುಗ ಎಷ್ಟೋ ವಾಸಿ. ಒಳ್ಳೆಯ ಶಾಕಪ್ಸರು ಆಭರಣವಲ್ಲ, ಬ್ರೇಕಿನಷ್ಟೇ ಮುಖ್ಯವಾದ ಸುರಕ್ಷೆಯ ಭಾಗ.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. ತಯಾರಕರು ಮೂಲತಃ ನಿಗದಿಪಡಿಸಿದ್ದಕ್ಕೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಆಧಾರದ ಮೇಲೆ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ತೀರ್ಪಿತ್ತಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿಯಿಲ್ಲದ ಮಾರ್ಪಾಟಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆ ಅಥವಾ ಮಾರ್ಪಾಟೊಂದಕ್ಕೆ ಐದು ಸಾವಿರ ರೂಪಾಯಿ ದಂಡ, ಅಥವಾ ಎರಡೂ, ಎಂದು ಸೇರಿಸಲಾಯಿತು. ಆದ್ದರಿಂದ ಕೈಹಾಕುವ ಮೊದಲು ಆರ್‌ಟಿಓ ಕಚೇರಿಯಲ್ಲಿಯೂ ವಿಮಾ ಕಂಪನಿಯಲ್ಲಿಯೂ ಲಿಖಿತವಾಗಿ ವಿಚಾರಿಸಿ. ನನ್ನ ತಕರಾರು ಬೇರೆ. ಜರ್ಮನಿಯಲ್ಲಿ ಇಂಥ ಸೆಟ್ಟಿನ ಜೊತೆ ಪರೀಕ್ಷಾ ವರದಿ ಬರುತ್ತದೆ; ಎಷ್ಟು ಇಳಿಸಬಹುದೆಂಬ ಮಿತಿ ಅದರಲ್ಲಿರುತ್ತದೆ; ಹಾಕಿದ ಮೇಲೆ ಪರೀಕ್ಷಕರು ನೋಡಿ ಒಪ್ಪಬೇಕು. ನಮ್ಮಲ್ಲಿ ಮುಂಬಾಗಿಲಿಗೆ ಬೀಗ ಹಾಕಿ ಹಿಂಬಾಗಿಲನ್ನು ತೆರೆದಿಟ್ಟಂತಾಗಿದೆ. ಸೆಟ್ಟುಗಳು ರಾಜಾರೋಷವಾಗಿ ಮಾರಾಟವಾಗುತ್ತವೆ, ಅವುಗಳ ಗುಣವನ್ನು ಅಳೆಯುವವರು ಯಾರೂ ಇಲ್ಲ. ಮಾರುವವನಿಗೆ ಇದಕ್ಕಿಂತ ಅನುಕೂಲ ಬೇಕೇ?

ಇಷ್ಟರ ಮೇಲೂ ಹಾಕಿಸಲೇಬೇಕೆನ್ನುವವರು ಮೊದಲು ಟೈರು, ರಬ್ಬರ್ ಬುಷ್ಷು, ಸವೆದ ಶಾಕಪ್ಸರು ಸರಿಮಾಡಿಸಿ ಒಂದು ತಿಂಗಳು ಓಡಿಸಿ ನೋಡಿ. ಬಹಳ ಜನರ ಬಯಕೆ ಅಲ್ಲಿಗೇ ತಣಿಯುತ್ತದೆ. ತಣಿಯದಿದ್ದರೆ, ಅಂಗಡಿಯಲ್ಲಿ ಮೊದಲು ಸ್ಪ್ರಿಂಗಿನ ಬಿಗಿ ಕೇಳಿ, ಮೇಲಿನ ಲೆಕ್ಕವನ್ನು ನಿಮ್ಮ ಕಾರಿಗೆ ಮಾಡಿ, 1.6 ಹರ್ಟ್ಸ್ ದಾಟಿದರೆ ಎದ್ದು ಬನ್ನಿ. ನಂತರ ಶಾಕಪ್ಸರಿನ ವೇಗಕ್ಕೆ ಎಷ್ಟು ಬಲವೆಂಬ ನಕ್ಷೆ ಕೇಳಿ. ಹೆಸರುಳ್ಳ ತಯಾರಕರ ಬಳಿ ಅದು ಇರುತ್ತದೆ. ಸೀಲು ಹೋದರೆ ಇಲ್ಲೇ ದುರಸ್ತಿಯಾಗುವುದೇ, ಬಿಡಿಭಾಗ ಸಿಗುವುದೇ ಎಂದು ಕೇಳಿ, ಏಕೆಂದರೆ ನಮ್ಮ ಧೂಳು ಕೆಸರು ಆ ಮರೆಗಳನ್ನು ಕಚ್ಚಿ ಹಿಡಿಯುವುದು ಒಂದು ಮಳೆಗಾಲದ ಕೆಲಸ. ಇಳಿಸುವುದಾದರೆ 15 ಮಿಲಿಮೀಟರ್, ಹೆಚ್ಚೆಂದರೆ 20. ಕೂರಿಸಿದ ಮೇಲೆ ವೀಲ್ ಅಲೈನ್‌ಮೆಂಟ್ ಕಡ್ಡಾಯ. ಎತ್ತರ ಬದಲಾದರೆ ಚಕ್ರದ ಕೋನಗಳೂ ಬದಲಾಗಿರುತ್ತವೆ.

ಮತ್ತೆ, ಹಳೆಯದನ್ನು ಬಿಚ್ಚಿಸುವ ಮೊದಲು ಕಾರನ್ನು ಸಮನೆಲದಲ್ಲಿ ನಿಲ್ಲಿಸಿ, ಟ್ಯಾಂಕು ತುಂಬಿಸಿ, ನಾಲ್ಕೂ ಚಕ್ರಗಳ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿನವರೆಗಿನ ಎತ್ತರವನ್ನು ಟೇಪಿನಿಂದ ಅಳೆದು ಬರೆದಿಟ್ಟುಕೊಳ್ಳಿ. ಆ ನಾಲ್ಕು ಅಂಕಿಗಳೂ ಸ್ಪ್ರಿಂಗಿನ ಸ್ಥಿರಾಂಕವೂ ಕೈಯಲ್ಲಿದ್ದರೆ ನನಗೆ ಫೋನ್ ಮಾಡಿ, ಸಂಜೆ ಐದರ ನಂತರ. ಕ್ಲಿಕ್ಕುಗಳ ಸಂಖ್ಯೆ ಹೇಳುವುದು ಬೇಡ.