ನೀರಿಗೆ ಹೆದರದ ಕ್ಯಾಮೆರಾ ಮತ್ತು ಕಾಳಿ ನದಿ

ಮೊನ್ನೆ ರಾತ್ರಿ ಹನ್ನೊಂದು ಗಂಟೆಗೆ ಗೆಳೆಯನೊಬ್ಬ ಫೋನ್ ಮಾಡಿದ. "ಲೋ, ಡಿಸೆಂಬರಲ್ಲಿ ಆಫೀಸಿನವ್ರೆಲ್ಲ ಗಣೇಶಗುಡಿಗೆ ರ‍್ಯಾಫ್ಟಿಂಗ್ ಹೋಗೋಣ ಅಂತಿದೀವಿ. ವಾಟರ್‌ಪ್ರೂಫ್ ಕ್ಯಾಮೆರಾ ಯಾವ್ದು ತಗೊಳ್ಲಿ? ಹೊಸದು ಒಂದು ನೋಡಿದೆ, 15 ಮೀಟರ್ ಅಂತಿದೆ. ಇನ್ನೊಂದು ಸೆಕೆಂಡ್ ಹ್ಯಾಂಡ್ ಸಿಗ್ತಿದೆ, 30 ಮೀಟರಿಂದು. 30 ಮೀಟರಿಂದೇ ವಾಸಿ ಅಲ್ವಾ?"

ನಾನು ಕೇಳಿದೆ, "ಅಲ್ಲ ಮಾರಾಯಾ, ನೀನು ಬೋಟಲ್ಲಿ ಹೋಗ್ತೀಯೋ ಅಥವಾ ನದಿ ತಳದಲ್ಲಿ ನಡ್ಕೊಂಡು ಹೋಗ್ತೀಯೋ?"

ಅವನಿಗೆ ಸಿಟ್ಟು ಬಂತು. ಫೋನ್ ಇಟ್ಟ. ಹಾಗಾಗಿ ಅವನಿಗೆ ಹೇಳಬೇಕಾದ್ದನ್ನೆಲ್ಲ ಇಲ್ಲಿ ಬರೀತಿದೀನಿ, ನಿಮಗೂ ಉಪಯೋಗಕ್ಕೆ ಬಂದರೆ ಬರಲಿ. :-)

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ರ‍್ಯಾಫ್ಟಿಂಗಿಗೆ ಕ್ಯಾಮೆರಾ ಆರಿಸುವಾಗ ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿರುವ ಆ ಮೀಟರಿನ ಲೆಕ್ಕ ಇದೆಯಲ್ಲ, ಅದು ಹೆಚ್ಚುಕಮ್ಮಿ ಕೆಲಸಕ್ಕೆ ಬಾರದ್ದು. ನದಿಯಲ್ಲಿ ಕ್ಯಾಮೆರಾ ನೀರು ಕುಡಿದು ಸಾಯುವುದಕ್ಕಿಂತ ಹೆಚ್ಚಾಗಿ ಕಳೆದುಹೋಗುತ್ತದೆ. ಇದು ಓದಿ ತಿಳಿದದ್ದಲ್ಲ, ಅನುಭವ.

2011ರ ಡಿಸೆಂಬರ್. ಆಗ ನನ್ನ ಹತ್ತಿರ ಹೊಸ ವಾಟರ್‌ಪ್ರೂಫ್ ಕ್ಯಾಮೆರಾ ಇತ್ತು. ಹತ್ತು ಮೀಟರ್ ಆಳಕ್ಕೆ ಬಿದ್ದರೂ ಏನೂ ಆಗಲ್ಲ ಅಂತ ಬರೆದಿತ್ತು. ಭಾವ, ಅತ್ತೆಯ ಮಕ್ಕಳು ಎಲ್ಲ ಸೇರಿ ಆರು ಜನ ಕಾಳಿ ನದಿಗೆ ಹೊರಟಿದ್ದೆವು. ಹೋಗುವ ದಾರಿಯಲ್ಲಿ ಶಿರಸಿ ಹತ್ತಿರದ ಅಜ್ಜನಮನೆಯಲ್ಲಿ ಒಂದು ರಾತ್ರಿ ಉಳಿದೆವು. ಅಡಿಕೆ ಸುಲಿಯುವ ಕಾಲ. ಅಜ್ಜಿ ಮೆಟ್ಟುಗತ್ತಿ ಮುಂದೆ ಕೂತಿದ್ದಳು. ಅವಳಿಗೆ ಫೋಟೋ ಅಂದರೆ ಆಗುತ್ತಿರಲಿಲ್ಲ. ಕ್ಯಾಮೆರಾ ಎತ್ತಿದರೆ ಸಾಕು, ಸೆರಗು ಮುಖಕ್ಕೆ ಹಿಡಿದು ಆ ಕಡೆ ತಿರುಗುವವಳು. ನಾನು ಜಂಬಕ್ಕೆ ಕ್ಯಾಮೆರಾವನ್ನು ಅವಳ ಎದುರೇ ಬಕೆಟ್ ನೀರಲ್ಲಿ ಮುಳುಗಿಸಿ ತೆಗೆದು ಕ್ಲಿಕ್ ಮಾಡಿ ತೋರಿಸಿದೆ. "ಎಂತದಾ ತಮಾ, ನೀರಿಗೆ ಹಾಕಿರೂ ಎಂತೂ ಆಗ್ತಿಲ್ಯ ಇದಕ್ಕೆ?" ಅಂತ ನಗೋಕೆ ಶುರು ಮಾಡಿದಳು. ಆ ನಗುವಿನಲ್ಲಿ ಸೆರಗು ಮರೆತೇಹೋಯ್ತು. ಆಮೇಲೆ ಅವಳೇ ಬಕೆಟ್ಟಿಗೆ ಹಾಕಿ ನೋಡಿದಳು, ಎರಡು ಸಲ. ನಲವತ್ತು ಫೋಟೋ ತೆಗೆದಿರಬಹುದು ಅವತ್ತು.

ಮರುದಿನ ಯಲ್ಲಾಪುರದ ಮೇಲೆ ದಾಂಡೇಲಿ, ಅಲ್ಲಿಂದ ಗಣೇಶಗುಡಿ. ಹೆಲ್ಮೆಟ್ಟು, ಲೈಫ್ ಜಾಕೆಟ್ಟು, ಗೈಡಿನ ಭಾಷಣ ಎಲ್ಲ ಆಯ್ತು. ಕ್ಯಾಮೆರಾ ನನ್ನ ಮಣಿಕಟ್ಟಿನಲ್ಲಿತ್ತು, ಅದರ ಜೊತೆ ಬಂದ ತೆಳು ದಾರದಲ್ಲಿ. ಎರಡನೇ ರ‍್ಯಾಪಿಡ್ ಮುಗಿದು ಸ್ವಲ್ಪ ಪ್ರಶಾಂತ ಅನ್ನಿಸಿದಾಗ ಭಾವ "ಕೊಡು ಇಲ್ಲಿ, ನಿಂದೂ ಒಂದು ತೆಗೀತೀನಿ" ಅಂದ. ದಾರ ಬಿಚ್ಚಿದೆ, ಕೈ ಚಾಚಿದೆ, ಅವನೂ ಚಾಚಿದ. ಅಷ್ಟರಲ್ಲಿ ಬೋಟು ಒಂದು ಬಂಡೆಗೆ ತಾಗಿತು. ಇಬ್ಬರ ಕೈ ನಡುವೆ ಅದು ಬಿತ್ತು. ಪುಳಕ್ ಅಂತ ಸದ್ದೂ ಬರಲಿಲ್ಲ ಮಾರಾಯ್ರೆ. ಗೈಡ್ ಹುಡುಗ "ಹೋಯ್ತು ಸಾರ್, ನಿಲ್ಲಿಸೋಕಾಗಲ್ಲ" ಅಂದ. ಪಾಪ, ಅವನು ಹೇಳಿದ್ದು ಸರಿಯೇ. ನೀರು ಅಲ್ಲಿ ಹತ್ತು ಮೀಟರ್ ಆಳ ಖಂಡಿತ ಇರಲಿಲ್ಲ. ಅಂದರೆ ಕಂಪನಿಯವರು ಹೇಳಿದ ಮಾತಿಗೆ ತಪ್ಪಿಲ್ಲ, ಕ್ಯಾಮೆರಾ ತಳದಲ್ಲಿ ಸುಖವಾಗಿ ಕೆಲಸ ಮಾಡುತ್ತಾ ಬಿದ್ದಿದ್ದಿರಬೇಕು, ಬ್ಯಾಟರಿ ಇರುವ ತನಕ.

ಅಜ್ಜಿಯ ನಲವತ್ತು ಫೋಟೋ ಅದರಲ್ಲೇ ಇದ್ದವು. ಮುಂದಿನ ಆಷಾಢದಲ್ಲಿ ಅಜ್ಜಿ ಹೋದಳು. ಹನ್ನೆರಡನೇ ದಿನಕ್ಕೆ ಹಾರ ಹಾಕಲು ಫೋಟೋ ಹುಡುಕಿದರೆ ಸಿಕ್ಕಿದ್ದು ವೋಟರ್ ಐಡಿ ಕಾರ್ಡಿನದ್ದು. ಅದನ್ನೇ ದೊಡ್ಡದು ಮಾಡಿಸಿದರು. ಅದರಲ್ಲಿ ಅವಳು ಅವಳ ಹಾಗಿಲ್ಲ. ಅಮ್ಮ ಇವತ್ತಿಗೂ ಆ ಫೋಟೋ ನೋಡುವಾಗ ನನಗೇನೂ ಹೇಳುವುದಿಲ್ಲ. ಹೇಳಿದ್ದರೇ ಚೆನ್ನಾಗಿತ್ತು.

ಇರಲಿ, ಲೆಕ್ಕಕ್ಕೆ ಬರೋಣ. ಅಲೆ ಬಂದು ಮುಖಕ್ಕೆ ಬಡಿಯುವಾಗ ಒತ್ತಡ ಎಷ್ಟಿರಬಹುದು? ಪಿಯುಸಿ ಫಿಸಿಕ್ಸ್ ಸಾಕು. ವೇಗದ ವರ್ಗವನ್ನು ಗುರುತ್ವದ ಎರಡರಷ್ಟರಿಂದ ಭಾಗಿಸಿದರೆ ಅದು ಎಷ್ಟು ಮೀಟರ್ ಆಳದ ನೀರಿನ ಒತ್ತಡಕ್ಕೆ ಸಮ ಅಂತ ಸಿಗುತ್ತದೆ. ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ನೀರು ಬಡಿದರೆ ಅದು ಸುಮಾರು ಒಂದೂಕಾಲು ಮೀಟರ್ ಆಳಕ್ಕೆ ಸಮ. ವೇಗ ಎರಡು ಪಟ್ಟು, ಅಂದರೆ ಸೆಕೆಂಡಿಗೆ 10 ಮೀಟರ್ ಅಂತ ಇಟ್ಟುಕೊಂಡರೂ 5 ಮೀಟರ್ ಆಳದಷ್ಟೇ. ಹತ್ತು ಮೀಟರಿನ ಕ್ಯಾಮೆರಾ ಇದನ್ನು ತಡೆಯುತ್ತದೆ. ಮೂವತ್ತು ಮೀಟರಿಂದು ಸ್ಕೂಬಾ ಡೈವ್ ಮಾಡುವವರಿಗೆ. ನಿಮಗೆ ಅದರಿಂದ ಹೆಚ್ಚು ಸಿಗುವುದು ಏನೂ ಇಲ್ಲ.

ಹಾಗಂತ ಮೊಬೈಲೇ ಸಾಕಲ್ಲ, ಅದೂ ಐಪಿ68 ಅಂತಾರಲ್ಲ ಅನ್ನುವವರಿದ್ದಾರೆ. ಈ ಐಪಿ ನಂಬರಿನ ವಿಷಯ ಸ್ವಲ್ಪ ನೋಡಿ. ಕೊನೆಯ ಅಂಕಿ 7 ಆದರೆ ಒಂದು ಮೀಟರ್ ನೀರಿನಲ್ಲಿ 30 ನಿಮಿಷ. 8 ಆದರೆ ಅದಕ್ಕಿಂತ ಕಠಿಣ, ಆದರೆ ಎಷ್ಟು ಆಳ, ಎಷ್ಟು ಹೊತ್ತು ಅನ್ನುವುದನ್ನು ಕಂಪನಿಯೇ ಹೇಳುತ್ತದೆ. ಮುಳುಗಿಸಿ ನೋಡುವ ಪರೀಕ್ಷೆ ನಡೆಯುವುದು ನಿಂತ ನೀರಿನಲ್ಲಿ. ರಭಸದಿಂದ ಚಿಮ್ಮುವ ನೀರಿಗೆ 5 ಮತ್ತು 6 ಅನ್ನುವ ಬೇರೆಯೇ ಪರೀಕ್ಷೆಗಳಿವೆ. 8 ಪಾಸಾದದ್ದು 5, 6ನ್ನೂ ಪಾಸಾಗಿದೆ ಅಂತ ಅರ್ಥವಲ್ಲ, ಅದನ್ನು ಬೇರೆಯಾಗಿ ನಮೂದಿಸಿರಬೇಕು. ಎಸ್ಸೆಸ್ಸೆಲ್ಸಿ ಪಾಸಾದವನು ಡ್ರೈವಿಂಗ್ ಟೆಸ್ಟೂ ಪಾಸಾಗಿದಾನೆ ಅಂದ ಹಾಗಾಯ್ತು ಅದು. ಮೇಲಾಗಿ ಫೋನು ಎರಡು ಮೂರು ಸಲ ಕೆಳಗೆ ಬಿದ್ದಿರುತ್ತದೆ, ಒಳಗಿನ ಅಂಟು ಹಳತಾಗಿರುತ್ತದೆ. ನೀರು ಹೋದರೆ ವಾರಂಟಿ ಇಲ್ಲ ಅಂತ ಬಹುತೇಕ ಕಂಪನಿಗಳು ಸಣ್ಣ ಅಕ್ಷರದಲ್ಲಿ ಬರೆದೇ ಇರುತ್ತವೆ. ಇದೆಲ್ಲ ಬಿಡಿ, ಒದ್ದೆ ಕೈಗೆ ಟಚ್ ಸ್ಕ್ರೀನ್ ಕೇಳುವುದೇ ಇಲ್ಲ. ಪ್ಲಾಸ್ಟಿಕ್ ಚೀಲದೊಳಗಿಟ್ಟರೆ ಇನ್ನೂ ಕಷ್ಟ. ಮತ್ತೆ ಆ ಫೋನಿನಲ್ಲೇ ನಿಮ್ಮ ಬ್ಯಾಂಕು, ಟಿಕೆಟ್ಟು, ಹೆಂಡತಿಯ ನಂಬರು ಎಲ್ಲ ಇರುತ್ತದೆ. ನನ್ನ ಕೇಳಿದರೆ ಫೋನನ್ನು ಬೋಟಿಗೆ ಒಯ್ಯಲೇಬೇಡಿ.

ಈಗ ಮುಖ್ಯವಾದ ವಿಷಯ, ತೇಲುವುದು. ಹೊಸದು ಅಂತ ಗೆಳೆಯ ನೋಡಿದ್ದು ಓಎಂ ಸಿಸ್ಟಮ್ ಟಫ್ ಟಿಜಿ-7. ಮೊದಲು ಒಲಿಂಪಸ್ ಹೆಸರಿನಲ್ಲಿ ಬರುತ್ತಿದ್ದ ಸರಣಿಯದ್ದು, 2023ರಲ್ಲಿ ಬಂದದ್ದು. ಒಳ್ಳೇ ಕ್ಯಾಮೆರಾ. ಗುಂಡಿಗಳು ಸರಿಯಾಗಿವೆ, ಲೆನ್ಸ್ ಎಫ್/2ರದ್ದು, ಹಾಗಾಗಿ ಕಾಡಿನ ನೆರಳಿನಲ್ಲೂ ಪರವಾಗಿಲ್ಲ. ಝೂಮ್ ಒಳಗೊಳಗೇ ನಡೆಯುತ್ತದೆ, ಮೂತಿ ಹೊರಗೆ ಬರುವುದಿಲ್ಲ. ಆದರೆ ಅದರ ಅಳತೆ ನೋಡಿ: 113.9 x 65.8 x 32.7 ಮಿಲಿಮೀಟರ್. ಮೂಲೆಗಳನ್ನು ಕಳೆಯದೆ ಪೂರ್ತಿ ಇಟ್ಟಿಗೆ ಅಂತಲೇ ಲೆಕ್ಕ ಹಾಕಿದರೂ ಅದು ಪಕ್ಕಕ್ಕೆ ತಳ್ಳುವ ನೀರು ಸುಮಾರು 245 ಗ್ರಾಂ. ತೂಕ 249 ಗ್ರಾಂ. ಮುಳುಗುತ್ತದೆ! ಆರ್ಕಿಮಿಡೀಸನನ್ನು ಕೇಳುವ ಅಗತ್ಯವೂ ಇಲ್ಲ. ಗೋಪ್ರೋ ಕೂಡ ಹಾಗೆಯೇ. 2016ರ ಹೀರೋ5ರಿಂದ ಈಚೆಗೆ ಪ್ರತ್ಯೇಕ ಪೆಟ್ಟಿಗೆಯಿಲ್ಲದೆ 10 ಮೀಟರಿಗೆ ಇಳಿಯುತ್ತದೆ, ಮತ್ತು ಕೈಬಿಟ್ಟರೆ ನೇರ ಕೆಳಗೇ ಇಳಿಯುತ್ತದೆ.

ಆದ್ದರಿಂದ ಕ್ಯಾಮೆರಾದ ಜೊತೆ ತೇಲುವ ಪಟ್ಟಿಯನ್ನು ಕೊಳ್ಳಿ. ಒಳಗೆ ಫೋಮ್ ತುಂಬಿದ ದಪ್ಪ ಪಟ್ಟಿ, ಕಿತ್ತಳೆಯೋ ಹಳದಿಯೋ ಬಣ್ಣದ್ದು. ನೊರೆ ಇರುವುದು ಬಿಳಿ, ಬಂಡೆ ಕಪ್ಪು. ಹಾಗಾಗಿ ಕಪ್ಪು ಪಟ್ಟಿ ಚಂದ ಕಾಣುತ್ತೆ ಅಂತ ತಗೋಬೇಡಿ. ಮನೆಯಲ್ಲೇ ಬಕೆಟ್ಟಿಗೆ ಹಾಕಿ ತೇಲುತ್ತೋ ಇಲ್ಲವೋ ನೋಡಿಕೊಳ್ಳಿ. ಅಜ್ಜಿ ಮಾಡಿದ ಹಾಗೆ ಎರಡು ಸಲ ನೋಡಿ. ತೇಲಿದರೆ ರ‍್ಯಾಪಿಡ್ ಮುಗಿದು ನೀರು ನಿಧಾನ ಆಗುವ ಕಡೆ ಸಿಗುವ ಆಸೆಯಾದರೂ ಇರುತ್ತದೆ.

ಕುತ್ತಿಗೆಗೆ ಮಾತ್ರ ಹಾಕಿಕೊಳ್ಳಬೇಡಿ. ಬೋಟಿನಿಂದ ಬಿದ್ದರೆ ಉದ್ದ ದಾರ ಎಲ್ಲಾದರೂ ಸಿಕ್ಕಿಕೊಂಡರೆ ಕ್ಯಾಮೆರಾ ಉಳಿಯುತ್ತದೆ, ನೀವು ಉಳಿಯುವುದಿಲ್ಲ. ಗಿಡ್ಡ ಪಟ್ಟಿ, ಎಳೆದರೆ ಬಿಟ್ಟುಕೊಳ್ಳುವ ಕ್ಲಿಪ್ಪು. ಎಲ್ಲಿ ಸಿಕ್ಕಿಸಬೇಕು ಅಂತ ಗೈಡನ್ನು ಕೇಳಿ, ಅವರಿಗೆ ಗೊತ್ತಿರುತ್ತದೆ.

ಹಾಗೆಯೇ ಪ್ಯಾಡಲ್ ಹಿಡಿಕೆಯ ತುದಿ ಇಂಗ್ಲಿಷಿನ ಟಿ ಅಕ್ಷರದ ಹಾಗಿರುತ್ತದಲ್ಲ, ಅದನ್ನು ಒಂದು ಕೈ ಬಿಡಲೇಬಾರದು ಅಂತ ಗೈಡುಗಳು ಬಡಕೊಳ್ಳುತ್ತಾರೆ. ಕಾರಣ ಸುಮ್ಮನೆ ಅಲ್ಲ. ಬಿಟ್ಟರೆ ಆ ತುದಿ ಪಕ್ಕದವನ ಹಲ್ಲಿಗೆ ಬಡಿಯುತ್ತದೆ. ರ‍್ಯಾಪಿಡ್ ಒಳಗೆ ಒಂದು ಕೈಯಲ್ಲಿ ಕ್ಯಾಮೆರಾ ಎತ್ತಿ ಹಿಡಿದವನು ಬೋಟಿನಲ್ಲಿರುವ ಎಲ್ಲರ ಹಲ್ಲನ್ನೂ ಪಣಕ್ಕಿಟ್ಟಂತೆ. ಅಂದರೆ ರ‍್ಯಾಪಿಡ್ ಒಳಗಿನ ಚಿತ್ರ ಬೇಕೇ ಬೇಕು ಅಂದರೆ ಹೆಲ್ಮೆಟ್ಟಿಗೋ ಬೋಟಿಗೋ ಕಟ್ಟುವ ಪುಟ್ಟ ಆಕ್ಷನ್ ಕ್ಯಾಮೆರಾ ಮಾತ್ರ ಸರಿ, ಅದೂ ಗೈಡ್ ಒಪ್ಪಿದರೆ. ಕೈಯಲ್ಲಿ ಹಿಡಿಯುವ ಕ್ಯಾಮೆರಾ ಇರುವುದು ನಡುವಿನ ಪ್ರಶಾಂತ ನೀರಿಗೆ. ನಿಜ ಹೇಳಬೇಕೆಂದರೆ ನನಗೆ ಆ ಚಿತ್ರಗಳೇ ಇಷ್ಟ. ಹೆದರಿಕೆ ಈಗಷ್ಟೇ ಇಳಿದ ಮುಖಗಳು.. ಅಲೆಯ ವಿಡಿಯೋ ಎಲ್ಲರದ್ದೂ ಒಂದೇ ಥರ.

ಸೀಲಿನ ವಿಷಯ ಒಂಚೂರು. ಬ್ಯಾಟರಿ ಬಾಗಿಲಿನ ಸುತ್ತ ಇರುವ ರಬ್ಬರ್ ರಿಂಗೇ ಇಡೀ ಮರ್ಮ. ಅದರ ಮೇಲೆ ಒಂದು ಕೂದಲು, ಒಂದು ಮರಳಿನ ಕಾಳು ಕೂತರೂ ನೀರಿಗೆ ದಾರಿ ಸಿಕ್ಕಿತು. ಹಾಗಾಗಿ ನದಿ ದಡದಲ್ಲಿ ಬಾಗಿಲು ತೆರೆಯಬೇಡಿ. ಹಿಂದಿನ ರಾತ್ರಿಯೇ ರೂಮಿನಲ್ಲಿ ಬ್ಯಾಟರಿ ಚಾರ್ಜ್ ಮಾಡಿ, ರಿಂಗ್ ಒರೆಸಿ, ಮುಚ್ಚಿ ಮುಗಿಸಿ. ದಡದಲ್ಲಿ ತೆರೆದರೆ ಇನ್ನೊಂದು ತಾಪತ್ರಯ, ಆರ್ದ್ರ ಗಾಳಿ ಒಳಗೆ ಸೇರುತ್ತದೆ. ಬಿಸಿಲಿಗೆ ಕಾದ ಕ್ಯಾಮೆರಾ ಸೂಪಾ ಅಣೆಕಟ್ಟಿನಿಂದ ಬರುವ ತಣ್ಣನೆ ನೀರಿಗೆ ತಾಗಿದ ಕೂಡಲೇ ಒಳಗಿನ ತೇವ ಗಾಜಿಗೆ ಮಂಜಾಗಿ ಕೂರುತ್ತದೆ. ಆಮೇಲೆ ಇಡೀ ದಿನ ಮಡಿಕೇರಿಯ ಮಳೆಗಾಲದ ಫೋಟೋಗಳೇ. :-) ಹೊರಗಿನ ಗಾಜಿನ ಮೇಲೆ ಹನಿ ನಿಂತರೆ ಒದ್ದೆ ಬೆರಳಲ್ಲಿ ಉಜ್ಜಬೇಡಿ, ಇನ್ನೂ ರಾಡಿಯಾಗುತ್ತದೆ. ನೀರಲ್ಲೊಮ್ಮೆ ಪೂರ್ತಿ ಅದ್ದಿ ತೆಗೆಯಿರಿ, ಅಥವಾ ಕಯಾಕ್ ಹುಡುಗರು ಮಾಡುವ ಹಾಗೆ ನಾಲಿಗೆಯಲ್ಲಿ ಒಮ್ಮೆ ನೆಕ್ಕಿ. ಅಸಹ್ಯ, ಆದರೆ ಹನಿ ನಿಲ್ಲುವುದಿಲ್ಲ.

ಇಷ್ಟೆಲ್ಲ ರಗಳೆ ಬೇಡ, ಎರಡು ದಿನದ ಪ್ರವಾಸಕ್ಕೆ ಅಷ್ಟು ದುಡ್ಡು ಯಾಕೆ ಅಂದರೆ ಕೊಳ್ಳಲೇಬೇಡಿ. ನಾವು ಹೋದಾಗ ರ‍್ಯಾಪಿಡ್ ಪಕ್ಕದ ಬಂಡೆ ಮೇಲೆ ಒಬ್ಬ ನಿಂತು ಫೋಟೋ ತೆಗೆಯುತ್ತಿದ್ದ. ನನ್ನ ಹತ್ತಿರ ಈಗ ಉಳಿದಿರುವುದು ಅವನಿಂದ ದುಡ್ಡು ಕೊಟ್ಟು ತಗೊಂಡ ಮೂರು ಚಿತ್ರ ಮಾತ್ರ. ಅದರಲ್ಲಿ ಎಲ್ಲರ ಬಾಯಿಯೂ ತೆರೆದಿದೆ.

ಇನ್ನೊಂದು, ಹೊರಡುವ ಮೊದಲು ರ‍್ಯಾಫ್ಟಿಂಗ್ ನಡೀತಿದೆಯಾ ಅಂತ ಕೇಳಿಕೊಳ್ಳಿ. ಮೇಲಿರುವುದು 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು, ಬುಡದಲ್ಲಿ 50 ಮೆಗಾವ್ಯಾಟಿನ ಎರಡು ಯಂತ್ರ. ವಿದ್ಯುತ್ತಿಗಾಗಿ ನೀರು ಬಿಟ್ಟರೆ ನದಿ, ಇಲ್ಲದಿದ್ದರೆ ಬಂಡೆ. ಜೊತೆಗೆ ಸರ್ಕಾರದ ಅನುಮತಿಯೂ ಇರಬೇಕು.

ಇಷ್ಟು ಬರೆದು ಗೆಳೆಯನಿಗೆ ಕಳಿಸಿದೆ. ಬೆಳಿಗ್ಗೆ ಮತ್ತೆ ಫೋನ್ ಮಾಡಿದ, ಸಿಟ್ಟು ಇಳಿದಿತ್ತು. "ಸರಿ, 15 ಮೀಟರಿಂದೇ ತಗೋತೀನಿ, ಹಳದಿ ಪಟ್ಟಿ ಜೊತೆ" ಅಂದ. "ಹೊರಡೋ ಹಿಂದಿನ ದಿನ ಎಲ್ಲಿರ್ತೀಯಾ?" ಅಂತ ಕೇಳಿದೆ. ಹುಬ್ಬಳ್ಳಿಯಲ್ಲಿ ದೊಡ್ಡಮ್ಮನ ಮನೆ ಅಂತೆ. ಅಲ್ಲಿ ತೆಗೆದ ಫೋಟೋಗಳ ಕಾರ್ಡನ್ನು ದೊಡ್ಡಮ್ಮನ ಕೈಗೆ ಕೊಟ್ಟು, ನದಿಗೆ ಖಾಲಿ ಕಾರ್ಡ್ ಹಾಕಿಕೊಂಡು ಹೋಗು ಅಂದೆ. "ಆಯ್ತು ಮಾರಾಯಾ, ಎರಡು ಕಾರ್ಡ್ ತಗೋತೀನಿ" ಅಂದ.