ಅರವತ್ತೊಂದು ಎರಡುಗಳು

ಹುಡುಗಿಯರಿಗೆ ಮನೆಯ ಲೆಕ್ಕಕ್ಕೆ ಬೇಕಾಗುವಷ್ಟು ಗಣಿತವಿದ್ದರೆ ಸಾಲದೇ ಎಂದು ಕೇಳುವ ಮಾತಾಪಿತೃಗಳು ಇಂದಿಗೂ ಇದ್ದಾರೆ. ಈ ಪ್ರಶ್ನೆಯು ಅನಾದರದಿಂದ ಹುಟ್ಟಿದುದಲ್ಲವೆಂಬದನ್ನು ಬಲ್ಲೆನು. ಆದಾಗ್ಯೂ ಸಾಲದೆಂಬದೇ ನನ್ನ ಅಭಿಪ್ರಾಯ. ಅದರ ಕಾರಣವನ್ನು, ಯಾವ ಉಪಯೋಗವೂ ಇಲ್ಲದಂತೆ ತೋರುವ ಒಂದು ಸಂಖ್ಯೆಯ ಮೂಲಕವೇ ಹೇಳಲಿಚ್ಛಿಸುತ್ತೇನೆ.

ಅರವತ್ತೊಂದು ಎರಡುಗಳನ್ನು ಒಂದರೊಡನೊಂದು ಗುಣಿಸಿ, ಬಂದ ಲಬ್ಧದಿಂದ ಒಂದನ್ನು ಕಳೆದರೆ 23,05,84,30,09,21,36,93,951 ಎಂಬ ಹತ್ತೊಂಬತ್ತು ಅಂಕಿಗಳ ಸಂಖ್ಯೆಯು ದೊರೆಯುವುದು. ಒಂದು ಮತ್ತು ತಾನು, ಇವುಗಳ ಹೊರತು ಬೇರಾವುದರಿಂದಲೂ ಇದು ನಿಶ್ಶೇಷವಾಗಿ ಭಾಗಿಸಲ್ಪಡದು. ಫ್ರಾನ್ಸ್ ದೇಶದ ಸನ್ಯಾಸಿಯೂ ಮಹಾ ಪಂಡಿತನೂ ಆಗಿದ್ದ ಮೆರ್ಸೆನ್ ಎಂಬವನು 1644ರಲ್ಲಿ, ಹೀಗೆ ಎಷ್ಟೆಷ್ಟು ಎರಡುಗಳಿಂದ ಅವಿಭಾಜ್ಯ ಸಂಖ್ಯೆಗಳು ಬರುವವೆಂದು 257ರ ವರೆಗೆ ಒಂದು ಪಟ್ಟಿಯನ್ನು ಪ್ರಕಟಿಸಿದನು. ಅದರಲ್ಲಿ 67 ಇದ್ದಿತು, 61 ಇರಲಿಲ್ಲ. ಎರಡೂ ತಪ್ಪು. 67ರಿಂದ ಬರುವ ಸಂಖ್ಯೆಯನ್ನು 1903ರಲ್ಲಿ ಅಮೆರಿಕದ ಕೋಲ್ ಎಂಬವರು 19,37,07,721 ಮತ್ತು 7,61,83,82,57,287 ಎಂದು ಎರಡಾಗಿ ಒಡೆದು ತೋರಿಸಿದರು. 61ರ ವಿಷಯದಲ್ಲಾದರೋ, 239 ವರ್ಷಗಳ ತರುವಾಯ, 1883ರಲ್ಲಿ, ರಷ್ಯದ ಯೂರಲ್ ಸೀಮೆಯ ಪೆರ್ವುಷಿನ್ ಎಂಬ ಹಳ್ಳಿಯ ಪಾದ್ರಿಯವರು ಯಂತ್ರದ ನೆರವಿಲ್ಲದ ಆ ಕಾಲದಲ್ಲಿ ಲೆಕ್ಕಮಾಡಿ ಸತ್ಯವನ್ನು ಸ್ಥಾಪಿಸಿದರು. ಇಂಥ ಸಂಖ್ಯೆಗಳು ಕುತೂಹಲಕ್ಕಷ್ಟೇ ಸರಿ, ಉಪಯೋಗಕ್ಕಿಲ್ಲ. ಆದ್ದರಿಂದ ಮೂವತ್ತೊಂದು ಎರಡುಗಳ ಆಚೆಗೆ ಯಾರೂ ಹುಡುಕಲಾರರೆಂದು ಇಂಗ್ಲೆಂಡಿನ ಬಾರ್ಲೋ 1811ರಲ್ಲಿಯೇ ಬರೆದಿದ್ದನು! ಪಾದ್ರಿಯವರು ಅದನ್ನು ಓದಿರಲಿಲ್ಲವೋ, ಓದಿಯೂ ಲಕ್ಷಿಸಲಿಲ್ಲವೋ.

ಪರೀಕ್ಷೆಯ ಕ್ರಮವೊಂದನ್ನು ಫ್ರಾನ್ಸಿನ ಲ್ಯೂಕಾಸನು ಕಂಡುಹಿಡಿದನು. 1930ರಲ್ಲಿ ಅಮೆರಿಕದ ಲೆಹ್ಮರ್ ಅದನ್ನು ಸುಲಭಗೊಳಿಸಿದರು. ನಾನು ಅದನ್ನು ಏಳು ಎರಡುಗಳಿಂದ ಬರುವ 127ಕ್ಕೆ ಅನ್ವಯಿಸಿ ಹತ್ತನೆಯ ತರಗತಿಯಲ್ಲಿ ತೋರಿಸುತ್ತಿದ್ದೆನು. ನಾಲ್ಕರಿಂದ ಆರಂಭಿಸಿ, ಪ್ರತಿಸಲವೂ ವರ್ಗಮಾಡಿ, ಎರಡನ್ನು ಕಳೆದು, 127ರಿಂದ ಭಾಗಿಸಿ ಶೇಷವನ್ನು ಮಾತ್ರ ಇಟ್ಟುಕೊಳ್ಳಬೇಕು. 4, 14, 67, 42, 111, ಕಡೆಗೆ ಸೊನ್ನೆ. ಸೊನ್ನೆ ಬಂದರೆ ಅವಿಭಾಜ್ಯ.

ಒಂದು ವರ್ಷ ನಾನು 42ರ ಬದಲು 41 ಎಂದು ಬರೆದೆನು. ಕೊನೆಗೆ 20 ಉಳಿಯಿತು. ತರಗತಿಯೆಲ್ಲವೂ ಅದನ್ನೇ ನಕಲುಮಾಡಿಕೊಂಡಿತು. ಹಿಂದಿನ ಬೆಂಚಿನಲ್ಲಿ ಎಂದೂ ಬಾಯಿತೆರೆಯದೆ ಕುಳಿತಿರುತ್ತಿದ್ದ ಹುಡುಗಿಯೊಬ್ಬಳು ಎದ್ದುನಿಂತು, "ಟೀಚರಮ್ಮಾ, ಮೂರನೆಯ ಶೇಷವು ತಪ್ಪಾಗಿದೆ," ಎಂದಳು. ಅವಳ ಕೈ ನಡುಗುತ್ತಿತ್ತು, ಲೆಕ್ಕದಲ್ಲಿ ನಡುಕವಿರಲಿಲ್ಲ. ಹಿರಿಯರ ಮಾತನ್ನು ವಿನಯದಿಂದಲೇ ಪರೀಕ್ಷಿಸುವ ಈ ಧೈರ್ಯವನ್ನು ಹೊಲಿಗೆಯಾಗಲಿ ಸಂಗೀತವಾಗಲಿ ಇಷ್ಟು ಸ್ಪಷ್ಟವಾಗಿ ಕಲಿಸುವುದೆಂದು ನಾನು ನಂಬೆನು. ಅವುಗಳನ್ನು ನಾನೂ ಪ್ರೀತಿಸುವವಳೇ.

ಆ ತಿಂಗಳಲ್ಲಿಯೇ ಅವಳ ತಂದೆಯವರು, ಮುಂದಿನ ವ್ಯಾಸಂಗದಲ್ಲಿ ಮಗಳಿಗೆ ಗಣಿತವು ಬೇಡವೆಂದು ಹೇಳಲು ಬಂದರು. ನಾನು ವಾದಿಸಲಿಲ್ಲ, ಕರಿಹಲಗೆಯ ಮೇಲೆ ನನ್ನ ತಪ್ಪನ್ನೇ ಪುನಃ ಬರೆದು, ಮಗಳನ್ನು ಕರೆಯಿಸಿದೆನು.